ಸಣ್ಣ ಹೊಳಪುಗಳ ದೊಡ್ಡ ಸೂರ್ಯ

ಬಿಸಿಲೆಂದರೇನೆಂದು ಕೋಲಾರ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. ಶ್ರೀನಿವಾಸಪುರದ ಮಾವು ಹಣ್ಣಾಗುವುದು, ಮಾಲೂರಿನ ಹಸಿ ಇಟ್ಟಿಗೆ ಒಣಗುವುದು, ಮುಳಬಾಗಿಲಿನ ಹೊಲದಲ್ಲಿ ರಾಗಿ ತೆನೆ ಬಲಿಯುವುದು ಎಲ್ಲವೂ ಅದರ ಲೆಕ್ಕದಲ್ಲೇ ನಡೆಯುತ್ತವೆ. ಆ ಬಿಸಿಲು ಹೊರಡುವ ಮೈ ಹೇಗಿದೆ ಎಂಬುದನ್ನು ಮಾತ್ರ ಮನುಷ್ಯ ನಿಧಾನವಾಗಿ ಕಲಿಯುತ್ತಿದ್ದಾನೆ.

*

ಬರಿಗಣ್ಣಿಗೆ ಸೂರ್ಯ ಎಲ್ಲ ಕಡೆ ಒಂದೇ ಹೊಳಪು. ಸಣ್ಣ ದೂರದರ್ಶಕಕ್ಕೆ ಅಲ್ಲಲ್ಲಿ ಕಪ್ಪು ಕಲೆ. ದೊಡ್ಡ ದೂರದರ್ಶಕಕ್ಕೆ ಮೈತುಂಬ ಕುದಿಯುವ ಹರಳುಗಳು, ಹರಳುಗಳ ಸಂದಿನಲ್ಲಿ ಚುಕ್ಕಿ ಚುಕ್ಕಿ ಬೆಳಕು. ಸೂರ್ಯ ಅಂದೂ ಹೀಗೇ ಇದ್ದ. ಸೂಕ್ಷ್ಮವನ್ನು ಹಿಡಿಯುವಷ್ಟು ನಮ್ಮ ನೋಟ ಈಗ ಪಳಗಿದೆ.

*

ಆ ಹರಳು ಒಂದೊಂದೂ ಸುಮಾರು 1000 ಕಿಲೋಮೀಟರ್ ಅಗಲ. ಮುಳಬಾಗಿಲಿನಿಂದ ಹೊರಟು ನಾಗಪುರ ದಾಟುವಷ್ಟು ದೂರ. ಬಿಸಿ ಅನಿಲ ನಡುವಿನಲ್ಲಿ ಮೇಲೆದ್ದು, ತಂಪಾಗಿ, ಅಂಚಿನಲ್ಲಿ ಕೆಳಗಿಳಿಯುತ್ತದೆ. ಸುಮಾರು ಹತ್ತು ನಿಮಿಷದಲ್ಲಿ ಹರಳು ಕರಗಿ ಇನ್ನೊಂದು ಹುಟ್ಟುತ್ತದೆ. ಇಷ್ಟು ಅಗಲದ್ದು ಇಷ್ಟು ಬೇಗ ಅಳಿಯುವುದನ್ನು ಕಂಡ ಮೇಲೆ ಗಾತ್ರಕ್ಕೂ ಆಯುಸ್ಸಿಗೂ ನಂಟು ಹಾಕುವ ಅಭ್ಯಾಸ ಬಿಡಬೇಕಾಗುತ್ತದೆ.

*

ಹರಳುಗಳ ಸಂದಿನ ಆ ಬೆಳಕಿನ ಚುಕ್ಕಿಗಳು ಕಾಂತದ ಚುಕ್ಕಿಗಳು. ಅಗಲ ಸುಮಾರು 150 ಕಿಲೋಮೀಟರ್. ಮಾಲೂರಿನಿಂದ ಮೈಸೂರಿಗೆ ನೇರ ಗೆರೆ ಎಳೆದರೆ ಹೆಚ್ಚು ಕಡಿಮೆ ಅಷ್ಟೇ. 14 ಲಕ್ಷ ಕಿಲೋಮೀಟರ್ ವ್ಯಾಸದ ಸೂರ್ಯನ ಮೇಲೆ ಅದು ಇದ್ದೂ ಇಲ್ಲದಷ್ಟು. ಆದರೆ ಅದರ ಕಾಂತಬಲ ಸುಮಾರು 1500 ಗಾಸ್. ನಮ್ಮ ಕಾಲ ಕೆಳಗಿನ ಭೂಮಿಯ ಕಾಂತಬಲ ಅರ್ಧ ಗಾಸ್ ಕೂಡ ಇಲ್ಲ.

*

ಕಿರಿದರೊಳಗೆ ಬಲ ಇರುವುದು ಸೋಜಿಗವೇನಲ್ಲ. ಅದನ್ನು ಅಳೆಯುವಷ್ಟು ತಾಳ್ಮೆ ಮನುಷ್ಯನಿಗೆ ಬಂದದ್ದೇ ಸೋಜಿಗ.

*

ಮಾವಿನ ತೋಪಿನ ನೆರಳಲ್ಲಿ ನೆಲದ ಮೇಲೆ ಬೀಳುವ ದುಂಡು ಬೆಳಕುಗಳಿಗೆ ಎಲೆಸಂದಿನ ಆಕಾರ ಇರುವುದಿಲ್ಲ. ಒಂದೊಂದೂ ಸೂರ್ಯನ ಪೂರ್ಣ ಬಿಂಬ. 2019ರ ಡಿಸೆಂಬರ್ 26ರ ಗ್ರಹಣದ ಬೆಳಿಗ್ಗೆ ಇಂಥ ಬಿಂಬಗಳೆಲ್ಲ ಒಟ್ಟಿಗೆ ಬಿದಿಗೆ ಚಂದ್ರನ ಆಕಾರ ತಳೆದವು. ಹತ್ತು ಮೀಟರ್ ಎತ್ತರದ ಎಲೆಸಂದು ನೆಲದ ಮೇಲೆ ಸುಮಾರು 9 ಸೆಂಟಿಮೀಟರ್ ಅಗಲದ ಸೂರ್ಯನನ್ನು ಬರೆಯುತ್ತದೆ. ಆ ಬಿಂಬದಲ್ಲಿ ಒಂದು ಕಾಂತದ ಚುಕ್ಕಿಗೆ ದಕ್ಕುವ ಜಾಗ ಮಿಲಿಮೀಟರಿನ ನೂರನೇ ಒಂದು ಪಾಲು. ಸೂರ್ಯ ದಿನವೂ ನಮ್ಮ ಪಾದದ ಬಳಿಗೆ ಬರುತ್ತಾನೆ. ಅವನ ಸೂಕ್ಷ್ಮವನ್ನು ಕಾಣಲು ಮಾತ್ರ ನಾವೇ ಅವನ ಬಳಿಗೆ ಹೋಗಬೇಕು.

*

ದೂರದಿಂದ ಕಾಂತವನ್ನು ಅಳೆಯುವ ದಾರಿಯನ್ನು ಬೆಳಕೇ ತೋರಿಸಿತು. ಕಾಂತಕ್ಷೇತ್ರದಲ್ಲಿ ರೋಹಿತದ ಗೆರೆ ಸೀಳುತ್ತದೆ ಎಂದು 1896ರಲ್ಲಿ ಪೀಟರ್ ಜೀಮನ್ ಪ್ರಯೋಗಶಾಲೆಯಲ್ಲಿ ಕಂಡರು. ಹನ್ನೆರಡು ವರ್ಷದ ನಂತರ, 1908ರಲ್ಲಿ, ಜಾರ್ಜ್ ಎಲರಿ ಹೇಲ್ ಅದೇ ಸೀಳನ್ನು ಸೌರಕಲೆಯ ಬೆಳಕಿನಲ್ಲಿ ಕಂಡು, ಕಲೆ ಎಂಬುದು ಕಾಂತದ ನೆಲೆ ಎಂದು ತಿಳಿಸಿದರು. 15 ಕೋಟಿ ಕಿಲೋಮೀಟರ್ ಆಚೆಗಿನ ಬಲವನ್ನು ಕೈ ಮುಟ್ಟದೆ ಅಳೆಯಲು ಒಂದು ಗೆರೆಯ ಬಿರುಕು ಸಾಕಾಯಿತು.

*

ದೊಡ್ಡ ಕಲೆಯ ಕಾಂತ ತಿಳಿದ ಮೇಲೂ ಸಣ್ಣ ಚುಕ್ಕಿಗಳ ಬಲ ತಿಳಿಯಲು ಇನ್ನೂ ಅರವತ್ತೈದು ವರ್ಷ ಹಿಡಿಯಿತು. 1973ರಲ್ಲಿ ಯಾನ್ ಸ್ಟೆನ್‌ಫ್ಲೊ ಕಬ್ಬಿಣದ ಎರಡು ರೋಹಿತರೇಖೆಗಳನ್ನು ಹೋಲಿಸಿ, ಅಂದಿನ ದೂರದರ್ಶಕಕ್ಕೆ ಬಿಡಿಯಾಗಿ ಕಾಣದ ಚುಕ್ಕಿಗಳಲ್ಲೂ ಸಾವಿರಕ್ಕೂ ಹೆಚ್ಚು ಗಾಸ್ ಬಲವಿದೆ ಎಂದು ತೋರಿಸಿದರು. ಕಾಣುವ ಮುನ್ನವೇ ತೂಗಿದ್ದರು. ಒಳ್ಳೆಯ ತರ್ಕ ಕಣ್ಣಿಗಿಂತ ಮುಂಚೆ ಊರು ಸೇರುತ್ತದೆ.

*

ಈ ಚುಕ್ಕಿಗಳು ಎಲ್ಲಿ ನಿಲ್ಲುತ್ತವೆ ಎಂಬುದಕ್ಕೂ ಒಂದು ಕ್ರಮವಿದೆ. ಸಣ್ಣ ಹರಳುಗಳ ಕೆಳಗೆ ಇನ್ನೂ ದೊಡ್ಡ ಹರಿವುಗಳಿವೆ. ಅಗಲ ಸುಮಾರು 30,000 ಕಿಲೋಮೀಟರ್. ಎರಡು ಭೂಮಿಗಳನ್ನು ಪಕ್ಕಪಕ್ಕ ಇಟ್ಟರೂ ಜಾಗ ಮಿಗುತ್ತದೆ. ಆಯುಸ್ಸು ಒಂದು ದಿನದ ಆಸುಪಾಸು. ಕೆರೆಯ ಮೇಲೆ ಗಾಳಿ ಬೀಸಿದಾಗ ತರಗೆಲೆ, ಹೊಟ್ಟು ಎಲ್ಲ ಏರಿಯ ಕಡೆಗೆ ಸರಿದು ಸಾಲುಗಟ್ಟುವಂತೆ, ಈ ಹರಿವುಗಳು ಕಾಂತದ ಚುಕ್ಕಿಗಳನ್ನು ಅಂಚಿಗೆ ತಳ್ಳಿ ಸೂರ್ಯನ ಮೈಮೇಲೆಲ್ಲ ಒಂದು ಬಲೆ ಹೆಣೆಯುತ್ತವೆ.

*

ಅಂಚಿಗೆ ತಳ್ಳಿಸಿಕೊಂಡದ್ದು ಅಲ್ಲಿಯೇ ಬಲ ಕೂಡಿಸಿಕೊಳ್ಳುತ್ತದೆ. ಬಲೆಯ ಹೊಳಪೆಲ್ಲ ಅಂಚಿನದೇ.

*

ತಳ್ಳಿದ ಮಾತ್ರಕ್ಕೆ 1500 ಗಾಸ್ ಬರುವುದಿಲ್ಲ. ಕಾಂತ ಕೂಡಿದೆಡೆ ಒಳಗಿನ ಅನಿಲ ತಂಪಾಗಿ ಕೆಳಕ್ಕೆ ಜಾರುತ್ತದೆ. ಒಳಗಿನ ಒತ್ತಡ ಕುಗ್ಗಿದ್ದೇ ತಡ, ಹೊರಗಿನ ಅನಿಲ ನಾಲ್ಕೂ ಕಡೆಯಿಂದ ಒತ್ತಿ ಕಾಂತದ ಎಳೆಗಳನ್ನು ಬಿಗಿ ಮಾಡುತ್ತದೆ. 1978ರಲ್ಲಿ ಯೂಜೀನ್ ಪಾರ್ಕರ್ ಈ ಕುಸಿತದ ಲೆಕ್ಕ ಕೊಟ್ಟರು. ಒಳಗೆ ಬರಿದಾಗುತ್ತ ಹೋದಂತೆ ಹಿಡಿತ ಗಟ್ಟಿಯಾಗುತ್ತದೆ ಎಂಬುದು ಸೂರ್ಯನ ಮೇಲೆ ಬರೀ ಭೌತಶಾಸ್ತ್ರ. ಮನುಷ್ಯನಲ್ಲಿ ಅದನ್ನೇ ತಪಸ್ಸು ಎನ್ನುತ್ತೇವೆ.

*

ಹೀಗೆ ಬಿಗಿಯಾದ ಕಾಂತದ ಎಳೆಗಳ ಕಟ್ಟಿಗೆ ಕಾಂತನಾಳ ಎಂದು ಹೆಸರು. ಈ ನಾಳಗಳ ಗಣಿತದಲ್ಲಿ 1980ರ ದಶಕದಲ್ಲಿ ದುಡಿದವರಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಸಿರಾಜ್ ಹಸನ್ ಮತ್ತು ಪಿ. ವೆಂಕಟಕೃಷ್ಣನ್ ಇದ್ದಾರೆ. ನಾಳ ತೀರ ಸಪೂರವಾಗಿದ್ದರೆ ನೆರೆಯ ಬಿಸಿ ಬೆಳಕಾಗಿ ಒಳನುಗ್ಗುತ್ತದೆ. ಒಳಗಿನ ಅನಿಲ ತಣ್ಣಗಾಗುವುದಿಲ್ಲ, ಕುಸಿತ ಅರ್ಧಕ್ಕೇ ನಿಲ್ಲುತ್ತದೆ ಎಂದು ವೆಂಕಟಕೃಷ್ಣನ್ 1986ರಲ್ಲಿ ತೋರಿಸಿದರು. ಸೂರ್ಯನ ಚುಕ್ಕಿಗಳ ಹಣೆಬರಹವನ್ನು ಓದಿದವರು ನಮ್ಮ ಬಸ್ಸು ಒಂದೆರಡು ಗಂಟೆಯಲ್ಲಿ ಮುಟ್ಟುವ ಊರಿನಲ್ಲಿ ಕೂತಿದ್ದರು.

*

ದೊಡ್ಡ ಸೌರಕಲೆ ಕಪ್ಪು, ಸಣ್ಣ ಕಾಂತಚುಕ್ಕಿ ಬೆಳಕು. ಎರಡರಲ್ಲೂ ಇರುವುದು ಅದೇ ಕಾಂತ. ಕೆಳಗಿನಿಂದ ಬರುವ ಬಿಸಿಯನ್ನು ಎರಡೂ ತಡೆಯುತ್ತವೆ. ಆದರೆ ಸಣ್ಣದರ ಗೋಡೆಗಳು ಹತ್ತಿರ ಹತ್ತಿರ. ಸುತ್ತಲಿನ ಬಿಸಿ ಗೋಡೆ ದಾಟಿ ನಡುವಿಗೆ ಮುಟ್ಟುತ್ತದೆ, ಅದು ಸುತ್ತಲಿಗಿಂತಲೂ ಹೊಳೆಯುತ್ತದೆ. ದೊಡ್ಡದರ ನಡುವಿಗೆ ನೆರೆಯ ಬಿಸಿ ತಲುಪುವುದೇ ಇಲ್ಲ, ಅದು ತಣ್ಣಗಾಗಿ ಕಪ್ಪಿಡುತ್ತದೆ.

*

ಈ ಒಂದು ಸಂಗತಿಯನ್ನು ಮನೆಯ ಗೋಡೆಯ ಮೇಲೆ ಬರೆದಿಡಬಹುದು: ನೆರೆಯವರ ಬಿಸಿ ತಾಗುವಷ್ಟು ಮಾತ್ರ ಬೆಳೆದದ್ದು ಹೊಳೆಯುತ್ತದೆ.

*

ಸೂರ್ಯನ ಮೇಲೆ ಕಲೆಗಳು ಹೆಚ್ಚಿದಾಗ ಅವನು ಮಂಕಾಗಬೇಕು ಎಂದು ಯಾರಿಗಾದರೂ ತೋರುತ್ತದೆ. 1978ರಿಂದ ಉಪಗ್ರಹಗಳು ಅಳೆದದ್ದು ಬೇರೆಯೇ. ಕಲೆಗಳು ತುಂಬಿದ ವರ್ಷಗಳಲ್ಲಿ ಸೂರ್ಯ ಸರಾಸರಿಯಲ್ಲಿ ತುಸು ಹೆಚ್ಚೇ ಬೆಳಗುತ್ತಾನೆ. ಭೂಮಿಯ ವಾತಾವರಣದ ಹೊರಗೆ ಪ್ರತಿ ಚದರ ಮೀಟರಿಗೆ ಬೀಳುವ ಸುಮಾರು 1361 ವ್ಯಾಟ್‌ನಲ್ಲಿ ಸಾವಿರಕ್ಕೆ ಒಂದು ಪಾಲಿನಷ್ಟು ಏರಿಕೆ. ಕಲೆಗಳು ಕಸಿದ ಬೆಳಕನ್ನೆಲ್ಲ ಸಣ್ಣ ಹೊಳಪುಗಳು ತುಂಬಿಕೊಟ್ಟು, ಮೇಲೆ ಇನ್ನಷ್ಟು ಸೇರಿಸುತ್ತವೆ.

*

ಕಲೆಗಳನ್ನು ಎಣಿಸುವುದು ಸುಲಭ, ಆದ್ದರಿಂದ ಚರಿತ್ರೆಯೆಲ್ಲ ಕಲೆಗಳ ಹೆಸರಿನಲ್ಲಿದೆ. ನಷ್ಟ ತುಂಬಿಕೊಟ್ಟವರು ಸಾಲಿನ ಕೊನೆಯಲ್ಲಿ ನಿಂತಿದ್ದಾರೆ. ಸೂರ್ಯನ ಬಗ್ಗೆ ಹೇಳಿದ ಈ ಮಾತು ಊರಿಗೂ ಸಲ್ಲುತ್ತದೆ.

*

ಎದುರುಬದುರು ಧ್ರುವದ ಎರಡು ಚುಕ್ಕಿಗಳು ತೀರ ಹತ್ತಿರವಿದ್ದರೆ ಒರಟು ಉಪಕರಣಕ್ಕೆ ಅವು ಒಂದೇ. ಒಂದರ ಕಾಂತ ಇನ್ನೊಂದರದನ್ನು ಲೆಕ್ಕದಲ್ಲಿ ಅಳಿಸುತ್ತದೆ, ಉಪಕರಣ ಸೊನ್ನೆ ತೋರಿಸುತ್ತದೆ. ಅಲ್ಲಿ ಎರಡು ಬಲಗಳು ಸೆಣಸುತ್ತಿರುತ್ತವೆ, ಪುಸ್ತಕದಲ್ಲಿ ಸೊನ್ನೆ ಎಂದು ದಾಖಲಾಗುತ್ತದೆ.

*

ಸರಾಸರಿ ಎಂಬುದು ದೂರದಿಂದ ನೋಡುವವನ ಸತ್ಯ. ಜಿಲ್ಲೆಗೆ ವಾಡಿಕೆಯಷ್ಟು ಮಳೆಯಾಯಿತು ಎಂದು ವರದಿ ಬಂದ ವರ್ಷವೇ ಒಂದು ಹೋಬಳಿಯಲ್ಲಿ ಹೊಲ ಕೊಚ್ಚಿಹೋಗಿ, ಪಕ್ಕದ ಹೋಬಳಿಯಲ್ಲಿ ಪೈರು ಒಣಗಿರಬಹುದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟ ಮೇಲೆ ಕರ್ನಾಟಕದ ಮಳೆ ಬದಲಾಗಲಿಲ್ಲ. ಒಣಗಿದ ಹೊಲದ ಮಾತಿಗೆ ಸಾಕ್ಷಿ ಸಿಕ್ಕಿತು.

*

ನೋಟ ಸೂಕ್ಷ್ಮವಾದಷ್ಟೂ ನ್ಯಾಯ ಸೂಕ್ಷ್ಮವಾಗುತ್ತದೆ.

*

1876ರಿಂದ 78ರವರೆಗೆ ಧಾತು, ಈಶ್ವರ ಸಂವತ್ಸರಗಳಲ್ಲಿ ಮಳೆ ಕೈಕೊಟ್ಟಿತು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ಹೆಚ್ಚು ನೊಂದ ಸೀಮೆಗಳಲ್ಲಿ ಕೋಲಾರ ಒಂದು. ಕೆರೆಗಳ ಮೇಲೆ ಬದುಕು ಕಟ್ಟಿದ ನಾಡಿಗೆ ಕೆರೆಯ ತಳ ಕಂಡಿತ್ತು.

*

ಆ ಬರದ ನಡುವೆಯೇ ಒಂದು ಪ್ರಶ್ನೆ ಎದ್ದಿತು: ಸೂರ್ಯನ ಕಲೆಗಳಿಗೂ ದಕ್ಷಿಣದ ಮಳೆಗೂ ನಂಟಿದೆಯೇ? 1877ರಲ್ಲಿ ನಾರ್ಮನ್ ಲಾಕ್ಯರ್ ಮತ್ತು ವಿಲಿಯಂ ಹಂಟರ್ ನಂಟಿದೆ ಎಂದು ಬರೆದರು. ಹಸಿವಿನ ಕಾರಣ ಹುಡುಕುವ ಈ ದಾರಿ ಮುಂದೆ ಕೊಡೈಕೆನಾಲ್ ಬೆಟ್ಟ ಹತ್ತಿತು. 1899ರಲ್ಲಿ ಅಲ್ಲಿ ಸೌರ ವೀಕ್ಷಣಾಲಯ ನೆಲೆಗೊಂಡಿತು, 1901ರಿಂದ ವೀಕ್ಷಣೆ ಶುರುವಾಯಿತು. ಮಣ್ಣಿನಲ್ಲಿ ಬಿದ್ದವರ ಹೆಸರು ಆ ಕಟ್ಟಡದ ಯಾವ ಕಲ್ಲಿನ ಮೇಲೂ ಇರಲಾರದು, ಆದರೆ ಅದರ ಬುನಾದಿಯಲ್ಲಿ ಅವರಿದ್ದಾರೆ.

*

ಕೇಳಿದ ಪ್ರಶ್ನೆಗೆ ಸೂರ್ಯ ಉತ್ತರ ಕೊಡಲಿಲ್ಲ. ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಕಲೆಗಳಿಗೂ ಮಳೆಗೂ ಇರುವ ನಂಟು ತೀರ ದುರ್ಬಲ ಎಂದು ಲೆಕ್ಕ ಹಾಕಿ, ಸಾಗರಗಳ ಕಡೆಗೆ ಬೆರಳು ತೋರಿದರು. 1877ರ ಬರದ ಹಿಂದೆ ಪೆಸಿಫಿಕ್ ಸಾಗರದ ಪ್ರಬಲ ಎಲ್ ನಿನೊ ಇತ್ತು ಎಂದು ಇಂದು ತಿಳಿದಿದೆ. ಸೂರ್ಯನನ್ನು ನೋಡಲು ಕೂತವರಿಗೆ ಮಳೆ ಸಿಗಲಿಲ್ಲ; ಸೂರ್ಯ ಸಿಕ್ಕ.

*

ಮಳೆಯ ನಂಟು ಸುಳ್ಳಾಯಿತು ಎಂದು ವೀಕ್ಷಣೆ ನಿಲ್ಲಿಸಿದ್ದರೆ ಎರಡು ನಷ್ಟವಾಗುತ್ತಿತ್ತು. ಸುಳ್ಳಾದ ಊಹೆಯನ್ನು ಬಿಡುವುದು ಒಂದು ಪ್ರಾಮಾಣಿಕತೆ. ಹಿಡಿದ ಕೆಲಸವನ್ನು ಬಿಡದಿರುವುದು ಇನ್ನೊಂದು.

*

1909ರಲ್ಲಿ ಜಾನ್ ಎವರ್ಶೆಡ್ ಕೊಡೈಕೆನಾಲ್‌ನಲ್ಲಿ ಸೌರಕಲೆಯ ಅಂಚಿನಿಂದ ಹೊರಕ್ಕೆ ಹರಿಯುವ ಅನಿಲವನ್ನು ಗುರುತಿಸಿದರು. ಜಗತ್ತಿನ ಪಠ್ಯಗಳಲ್ಲಿ ಅದು ಎವರ್ಶೆಡ್ ಪರಿಣಾಮ. ಬರದ ಕಾರಣ ಹುಡುಕಲು ಕಟ್ಟಿದ ಮನೆಯಲ್ಲಿ ಸೂರ್ಯನ ಹರಿವು ಸಿಕ್ಕಿತು. ಹಸಿವು ಕೇಳಿದ ಪ್ರಶ್ನೆ ಎಷ್ಟು ದೂರ ನಡೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನಮ್ಮ ಸೀಮೆಯ ಹತ್ತಿರ ಇಲ್ಲ.

*

ಕೊಡೈಕೆನಾಲ್‌ನಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ, ಮೋಡ ಬಿಟ್ಟ ದಿನವೆಲ್ಲ ಸೂರ್ಯನ ಚಿತ್ರ ಹಿಡಿದಿದ್ದಾರೆ. ಕ್ಯಾಲ್ಸಿಯಂನ ನೇರಳೆ ಬೆಳಕಿನಲ್ಲಿ ತೆಗೆದ ಗಾಜಿನ ಫಲಕಗಳಲ್ಲಿ ಕಾಂತ ಕೂಡಿದ ಜಾಗವೆಲ್ಲ ಹೊಳೆಯುತ್ತದೆ. ಕಾಂತಮಾಪಕಗಳು ಬರುವ ದಶಕಗಳ ಮುಂಚೆಯೇ, ಕಾಂತದ ಚಿತ್ರ ತೆಗೆಯುತ್ತಿದ್ದೇವೆ ಎಂಬ ಅರಿವೂ ಪೂರ್ತಿ ಇಲ್ಲದೆ, ಅವರು ಕಾಂತದ ಚರಿತ್ರೆ ಕೂಡಿಟ್ಟರು.

*

ಇಂದಿನ ಅರ್ಥ ತಿಳಿಯದಿದ್ದರೂ ಇಂದಿನ ದಾಖಲೆ ಬೇಕು. ಅರ್ಥ ಮಾಡಿಕೊಳ್ಳುವವನು ಇನ್ನೂ ಹುಟ್ಟಿರಲಿಕ್ಕಿಲ್ಲ.

*

ವೇಣು ಬಪ್ಪು 1960ರಲ್ಲಿ ಕೊಡೈಕೆನಾಲ್‌ನ ವೀಕ್ಷಣಾಲಯದ ಮುಖ್ಯಸ್ಥರಾದರು. ಬೆಂಗಳೂರನ್ನು ನೆಲೆಯಾಗಿಸಿಕೊಂಡ ಖಭೌತ ಸಂಸ್ಥೆಯನ್ನು ಬೆಳೆಸಿದವರೂ ಅವರೇ. 1971ರಲ್ಲಿ ಅವರು ಮತ್ತು ಕೆ.ಆರ್. ಶಿವರಾಮನ್ ಸೂರ್ಯನ ಕ್ಯಾಲ್ಸಿಯಂ ರೇಖೆಯ ಅಗಲಕ್ಕೆ ಕಾರಣ ಹುಡುಕಿ ಹೊರಟು ಬಲೆಯ ಕಣ್ಣಿನೊಳಗಿನ ಸಣ್ಣ ಹೊಳಪುಗಳ ಬಳಿ ನಿಂತರು. ಇಡೀ ನಕ್ಷತ್ರದ ಲಕ್ಷಣವನ್ನು ಅದರ ಅತಿ ಸಣ್ಣ ಚುಕ್ಕಿಗಳು ನಿರ್ಧರಿಸುತ್ತವೆ ಎಂಬುದು ಆ ಬರಹದ ತಿರುಳು.

*

1982ರಲ್ಲಿ ಶಿವರಾಮನ್ ಮತ್ತು ವಿಲಿಯಂ ಲಿವಿಂಗ್‌ಸ್ಟನ್ ಇನ್ನೊಂದು ಹೆಜ್ಜೆ ಇಟ್ಟರು: ಬಲೆಯ ಕಣ್ಣಿನೊಳಗಿನ ಆ ಹೊಳಪುಗಳು ಸಣ್ಣ ಕಾಂತಚುಕ್ಕಿಗಳ ಜಾಗದಲ್ಲೇ ಇವೆ. ಖಾಲಿ ಎಂದು ಬಿಟ್ಟ ಬಯಲಲ್ಲೂ ಕಾಂತವಿತ್ತು.

*

ಖಾಲಿ ಜಾಗ ಎಂದು ಬರೆಯುವ ಮುನ್ನ ಇನ್ನೊಮ್ಮೆ ನೋಡಬೇಕು. ಖಾಲಿ ಜನ, ಖಾಲಿ ಊರು, ಖಾಲಿ ಕಾಲ ಎಂದು ಬರೆಯುವ ಮುನ್ನವೂ.

*

ಕಲೆಗಳಿಲ್ಲದ ಸೂರ್ಯ ಕಾಂತವಿಲ್ಲದ ಸೂರ್ಯನಲ್ಲ. ಒಂದು ದಿನ ಬಾಳುವ ಕಿರು ಕಾಂತಜೋಡಿಗಳು ಅವನ ಮೈಮೇಲೆ ಎಲ್ಲೆಂದರಲ್ಲಿ ಏಳುತ್ತಲೇ ಇರುತ್ತವೆ. ಹಳೆಯದು ಅಳಿಯುವುದು, ಹೊಸದು ತುಂಬುವುದು ಎಷ್ಟು ಬೇಗ ನಡೆಯುತ್ತದೆಂದರೆ, ಇಂದು ಕಂಡ ಕಾಂತದ ಹಾಸು ಎರಡು ದಿನದಲ್ಲಿ ಪೂರ್ತಿ ಬದಲಾಗಿರುತ್ತದೆ. ಆದರೂ ಹಾಸು ಎಂದೂ ಹರಿಯುವುದಿಲ್ಲ.

*

ಬಿಡಿ ಬಿಡಿಯಾಗಿ ಯಾವುದೂ ಉಳಿಯದೆ ಒಟ್ಟು ಮಾತ್ರ ಉಳಿಯುವ ವಿದ್ಯೆ ಸೂರ್ಯನಿಗೆ ಗೊತ್ತು. ಒಂದು ಭಾಷೆಗೂ ಗೊತ್ತಿದೆ.

*

1645ರಿಂದ 1715ರವರೆಗೆ ಸೂರ್ಯನ ಮೇಲೆ ಕಲೆಗಳು ಕಂಡದ್ದೇ ಅಪರೂಪ. ಎಪ್ಪತ್ತು ವರ್ಷ ಸೂರ್ಯ ಮಲಗಿದ್ದನೇ? ಸೂರ್ಯನ ಕಾಂತಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗುವ ಬೆರಿಲಿಯಂ-10 ಧ್ರುವದ ಹಿಮದ ಪದರಗಳಲ್ಲಿ ಉಳಿದಿದೆ. ಅದರ ಏರಿಳಿತ, ಆಗಲೂ ಅವನ ಕಾಂತಚಕ್ರ ಮೆಲ್ಲಗೆ ತಿರುಗುತ್ತಿತ್ತು ಎಂದು ಹೇಳುತ್ತದೆ. ಹೊರಗೆ ಗುರುತು ಕಾಣದ ಕಾಲದಲ್ಲೂ ಒಳಗಿನ ಕೆಲಸ ನಡೆದಿರುತ್ತದೆ.

*

ಸೂರ್ಯನ ಮೇಲೆ ನಡೆಯುವ ಅತಿ ದೊಡ್ಡ ಬದಲಾವಣೆ ಎಂದರೆ ಸುಮಾರು 11 ವರ್ಷಕ್ಕೊಮ್ಮೆ ಅವನ ಉತ್ತರ, ದಕ್ಷಿಣ ಕಾಂತಧ್ರುವಗಳು ತಿರುವುಮುರುವಾಗುವುದು. ಈ ಕೆಲಸ ಮಾಡುವವು ದೊಡ್ಡ ಕಲೆಗಳೇನಲ್ಲ. ಕಲೆಗಳು ಒಡೆದು ಪುಡಿಯಾದ ಮೇಲೆ ಉಳಿಯುವ ಚೂರುಗಳು ಸೆಕೆಂಡಿಗೆ ಹತ್ತಿಪ್ಪತ್ತು ಮೀಟರ್ ವೇಗದ ನಿಧಾನ ಹರಿವಿನಲ್ಲಿ ಧ್ರುವದ ಕಡೆಗೆ ನಡೆಯುತ್ತವೆ. ದಾರಿ ಸುಮಾರು 9 ಲಕ್ಷ ಕಿಲೋಮೀಟರ್. ಸುಮಾರು ಎರಡು ವರ್ಷ ಹಿಡಿಯುತ್ತದೆ. ಹೊರಟವುಗಳಲ್ಲಿ ಬಹುಪಾಲು ನಡುದಾರಿಯಲ್ಲಿ ಎದುರು ಧ್ರುವದ ಚೂರು ಸಿಕ್ಕಿ ಇಲ್ಲವಾಗುತ್ತವೆ. ಮುಟ್ಟಿದ ಕೆಲವೇ ಚೂರುಗಳು ಸೂರ್ಯನನ್ನು ತಿರುಗಿಸುತ್ತವೆ.

*

ಒಡೆದದ್ದು ಮುಗಿದದ್ದೆಂದು ಬಗೆಯಬೇಡಿ. ಸೂರ್ಯನ ಮುಂದಿನ ಕಾಲ ಒಡೆದ ಚೂರುಗಳಿಂದಲೇ ಕಟ್ಟಲ್ಪಡುತ್ತದೆ.

*

ಧ್ರುವದ ಬಳಿ ಕೂಡಿದ ಈ ಸಣ್ಣ ಹೊಳಪುಗಳು ಎಷ್ಟು ದಟ್ಟವಾಗಿವೆ ಎಂಬುದನ್ನು ನೋಡಿ ಮುಂದಿನ ಹನ್ನೊಂದು ವರ್ಷದ ಚಕ್ರ ಬಲವಾದದ್ದೋ ಬಡವಾದದ್ದೋ ಎಂದು ಅಂದಾಜು ಮಾಡುತ್ತಾರೆ. ಕೊಡೈಕೆನಾಲ್‌ನ ಹಳೆಯ ಫಲಕಗಳಿಂದ ಬೆಂಗಳೂರಿನ ವಿಜ್ಞಾನಿಗಳು ಸುಮಾರು ನೂರು ವರ್ಷದ ಧ್ರುವಕಾಂತದ ಕಥೆಯನ್ನು ಹೊರತೆಗೆದಿದ್ದಾರೆ. 1920ರಲ್ಲೋ 1930ರಲ್ಲೋ ಚಳಿಯ ಬೆಳಿಗ್ಗೆ ಒಬ್ಬ ಸಹಾಯಕ ಗಾಜಿನ ಫಲಕ ಜೋಡಿಸಿದ್ದರ ಫಲ ಇದು. ಅವನಿಗೆ ಇದರ ಸುಳಿವೂ ಇರಲಿಲ್ಲ. ಕೆಲಸವನ್ನು ಸರಿಯಾಗಿ ಮಾಡಿದ್ದ, ಅಷ್ಟೇ ಬೇಕಾಗಿತ್ತು.

*

ಕೋಲಾರ ಸೀಮೆ ಕನ್ನಡಕ್ಕೆ ಕಿರಿದಾದ ರೂಪಗಳಲ್ಲಿ ಹಿರಿದನ್ನು ಕೊಟ್ಟಿದೆ. ಬರ ಕಳೆದು ಒಂಬತ್ತು ವರ್ಷಕ್ಕೆ, 1887ರಲ್ಲಿ, ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ನಾಲ್ಕು ನಾಲ್ಕು ಸಾಲಿನ ಪದ್ಯಗಳಲ್ಲಿ ಬಾಳಿನ ವಿಚಾರ ಹೇಳಿದರು. 1891ರಲ್ಲಿ ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದ ಮಾಸ್ತಿಯವರು 1920ರಲ್ಲಿ ‘ಕೆಲವು ಸಣ್ಣ ಕಥೆಗಳು’ ಪ್ರಕಟಿಸಿ ಕನ್ನಡ ಸಣ್ಣಕಥೆಗೆ ದಾರಿ ಹಾಕಿದರು. ಸಣ್ಣದರಲ್ಲಿ ದೊಡ್ಡದನ್ನು ಕಾಣುವ ಕಣ್ಣು ಈ ಮಣ್ಣಿಗೆ ಹೊಸದೇನಲ್ಲ.

*

ಕೋಲಾರದ ಆಕಾಶ ನೋಡುವ ಮೊದಲು ಅದರ ಪಾತಾಳವನ್ನೂ ನೆನೆಯಬೇಕು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಕೆಜಿಎಫ್ ಚಿನ್ನದ ಗಣಿಗೆ ಉಪಕರಣ ಇಳಿಸಿದರು. 1965ರಲ್ಲಿ ಅವರು, ಎಂ.ಜಿ.ಕೆ. ಮೆನನ್ ಮತ್ತು ಸಂಗಡಿಗರು ನೆಲದಿಂದ 2 ಕಿಲೋಮೀಟರಿಗೂ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಹಿಡಿದರು. ಆಕಾಶದ ಅತಿ ಸಣ್ಣದ್ದನ್ನು ತಿಳಿಯಲು ಭೂಮಿಯ ಅತಿ ಕತ್ತಲೆಗೆ ಇಳಿದರು.

*

ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ಸಿಕ್ಕ ಅರಿವು ಮುಚ್ಚಿಹೋಗಲಿಲ್ಲ.

*

ಮಾಲೂರಿಗೆ ಮಗ್ಗುಲಿನ ಹೊಸಕೋಟೆಯಲ್ಲಿ ಖಭೌತ ಸಂಸ್ಥೆಯ ಕ್ರೆಸ್ಟ್ ಆವರಣವಿದೆ. ಅಲ್ಲಿನ ಬಾಹ್ಯಾಕಾಶ ಪ್ರಯೋಗಾಲಯಕ್ಕೆ ಎಂ.ಜಿ.ಕೆ. ಮೆನನ್ ಅವರ ಹೆಸರು. ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವಾದ ವೆಲ್ಕ್ ಎಂಬ ಕರೋನಾದರ್ಶಕ ಅಲ್ಲಿ ಜೋಡಣೆಯಾಗಿ 2023ರ ಜನವರಿ 26ರಂದು ಇಸ್ರೊ ಕೈಸೇರಿತು. ಅದೇ ವರ್ಷ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ನೌಕೆ ಹಾರಿತು. 2024ರ ಜನವರಿ 6ರಂದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ತನ್ನ ಕಕ್ಷೆ ಸೇರಿತು. ಗಣಿಯ ಆಳಕ್ಕೆ ಇಳಿದವರ ಹೆಸರಿನ ಮನೆಯಿಂದ ಸೂರ್ಯನನ್ನು ನೋಡುವ ಕಣ್ಣು ಹೊರಟಿತು.

*

ಸೂರ್ಯನ ಹೊರ ವಾತಾವರಣವಾದ ಕರೋನಾದ ಬೆಳಕು ಸೂರ್ಯಬಿಂಬದ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ಕನ್ನಡಿಯ ಮೇಲೆ ಒಂದು ಕಣ ಧೂಳು ಕೂತರೂ ಚೆದುರಿದ ಬೆಳಕು ಅದನ್ನು ನುಂಗುತ್ತದೆ. ಧೂಳಿಗೆ ಪ್ರವೇಶವಿಲ್ಲದ ಕೋಣೆ ಕಟ್ಟಿ ಕೆಲಸ ಮಾಡಿದವರ ನಿಷ್ಠೆ ದೊಡ್ಡದು. ನೋಡಬೇಕಾದದ್ದು ಸೂಕ್ಷ್ಮವಾದಷ್ಟೂ ನೋಡುವವನು ತನ್ನನ್ನು ಶುಚಿ ಮಾಡಿಕೊಳ್ಳಬೇಕು.

*

ಸೂರ್ಯನ ಮೈ ಸುಮಾರು 5500 ಡಿಗ್ರಿ ಸೆಲ್ಸಿಯಸ್. ಅದರ ಮೇಲಿನ ಕರೋನಾ ಹತ್ತು ಲಕ್ಷ ಡಿಗ್ರಿ ದಾಟುತ್ತದೆ. ಬೆಂಕಿಯಿಂದ ದೂರ ಸರಿದಂತೆ ಬಿಸಿ ಏರುವ ಈ ಒಗಟಿಗೆ ಉತ್ತರ ಹುಡುಕುವವರು ಮತ್ತೆ ಮತ್ತೆ ಸಣ್ಣ ಕಾಂತಚುಕ್ಕಿಗಳ ಬಳಿಗೇ ಬರುತ್ತಾರೆ. ಹರಳುಗಳ ಕುದಿತ ಆ ನಾಳಗಳ ಬುಡವನ್ನು ಅಲುಗಿಸುತ್ತದೆ. ಅಲೆಗಳು ಮೇಲೇರುತ್ತವೆ, ಎಳೆಗಳು ಸಿಕ್ಕಾಗಿ ಕಿರು ಸಿಡಿತಗಳು ಆಗುತ್ತವೆ. ಯಾವುದರ ಪಾಲು ಎಷ್ಟು ಎಂಬ ವಿಚಾರಣೆ ಇನ್ನೂ ನಡೆದಿದೆ.

*

ಉತ್ತರ ಸಿಗದ ಪ್ರಶ್ನೆಯನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುವುದೂ ಒಂದು ಆಸ್ತಿ ಹಂಚಿಕೆಯೇ.

*

2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇದ್ದ ಗೌರಿಬಿದನೂರಿನ ಬಳಿ ಬಯಲಲ್ಲಿ ರೇಡಿಯೊ ಆಂಟೆನಾಗಳ ಸಾಲುಗಳಿವೆ. 1976ರಿಂದ ಅಲ್ಲಿ ಆಕಾಶದ ರೇಡಿಯೊ ಅಲೆಗಳನ್ನು ಕೇಳುತ್ತಿದ್ದಾರೆ. 1997ರಿಂದ ಸೂರ್ಯನಿಗೆಂದೇ ಕಟ್ಟಿದ ಜೋಡಣೆ ಕರೋನಾದ ಚಿತ್ರ ಬರೆಯುತ್ತಿದೆ. ಅದಕ್ಕೆ ಕತ್ತಲೆ ಬೇಕಿಲ್ಲ, ಮೋಡವೂ ಅಡ್ಡಿಯಲ್ಲ. ಬೇಕಾದದ್ದು ಗದ್ದಲವಿಲ್ಲದ ಸುತ್ತಮುತ್ತ. ಊರುಗಳು ಬೆಳೆದಂತೆ ಅಂಥ ಜಾಗಗಳನ್ನು ಕಾಪಾಡುವುದು ತೋಪು, ಕೆರೆಗಳನ್ನು ಕಾಪಾಡಿದಷ್ಟೇ ಅಗತ್ಯ.

*

ಹವಾಯಿಯ ಹಲೇಕಲಾ ಬೆಟ್ಟದ ಮೇಲೆ 4 ಮೀಟರ್ ಕನ್ನಡಿಯ ಸೌರ ದೂರದರ್ಶಕ ನಿಂತಿದೆ. 2020ರ ಜನವರಿಯಲ್ಲಿ ಪ್ರಕಟವಾದ ಅದರ ಮೊದಲ ಚಿತ್ರಗಳಲ್ಲಿ ಸೂರ್ಯನ ಮೇಲಿನ 30 ಕಿಲೋಮೀಟರ್‌ನಷ್ಟು ಚಿಕ್ಕ ವಿವರ ಕಂಡಿತು. ಲಡಾಖಿನ ಪ್ಯಾಂಗಾಂಗ್ ಸರೋವರದ ದಡದ ಮೆರಾಕ್‌ನಲ್ಲಿ 2 ಮೀಟರ್ ಕನ್ನಡಿಯ ಭಾರತೀಯ ದೂರದರ್ಶಕ ಕಟ್ಟುವ ಯೋಜನೆಗೆ ಬೆಂಗಳೂರಿನ ಸಂಸ್ಥೆ ವರ್ಷಗಳಿಂದ ದುಡಿದಿದೆ. ಅದರ ಮುಂದೆ ಕೂರುವ ಹುಡುಗಿ ಇಂದು ಮುಳಬಾಗಿಲಿನ ಯಾವುದೋ ಸರ್ಕಾರಿ ಶಾಲೆಯಲ್ಲಿ ಗುಣಾಕಾರ ಕಲಿಯುತ್ತಿರಲಿ ಎಂಬುದು ನನ್ನ ಹಾರೈಕೆ.

*

ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ಹಿಂದಿನವರು ಒಂದೇ ಮಹಾಕೆರೆಯನ್ನು ಕನಸಲಿಲ್ಲ. ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸಾವಿರಾರು ಸಣ್ಣ ಕೆರೆಗಳನ್ನು ಕಟ್ಟಿದರು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಈ ಕೆರೆಗಳಿಗೆ ಬರುತ್ತಿರುವುದೂ ಆ ಹಳೆಯ ಜೋಡಣೆಯನ್ನೇ ನಂಬಿಕೊಂಡು. ಸಾವಿರ ಅಡಿ ಕೊರೆದ ಬೋರ್‌ವೆಲ್ ಬತ್ತಿದ ಮೇಲೆ ಸಣ್ಣ ಕೆರೆಯ ಬೆಲೆ ತಿಳಿಯುವುದು ತಡವಾಗಿ ತಿಳಿದಂತೆ. ಆದರೂ ತಿಳಿಯಲಿ.

*

ಸೂರ್ಯನ ಮೈಮೇಲಿನ ಒಂದು ಚುಕ್ಕಿ ಕೆಲವೇ ನಿಮಿಷ ಬಾಳುತ್ತದೆ. ಅದು ನೂಕಿದ ಬೆಳಕು 8 ನಿಮಿಷ 20 ಸೆಕೆಂಡಿನಲ್ಲಿ ನಮ್ಮ ಅಂಗಳ ಮುಟ್ಟುತ್ತದೆ. ಅಷ್ಟರಲ್ಲಿ ಆ ಚುಕ್ಕಿ ಅಳಿದಿರಲೂಬಹುದು. ಮಾವಿನ ಎಲೆ ಆ ಬೆಳಕಿನಿಂದಲೇ ಸಿಹಿ ಕಟ್ಟುತ್ತದೆ. ಕೊಟ್ಟವರು ಇದ್ದಾರೋ ಇಲ್ಲವೋ, ಕೊಟ್ಟದ್ದು ಬಂದು ಸೇರುತ್ತದೆ.

*

ವಿಜ್ಞಾನ ರೈತನಿಗೆ ಸುಳ್ಳು ಆಸೆ ಹುಟ್ಟಿಸಬಾರದು. ಸೂರ್ಯನ ಕಾಂತಚುಕ್ಕಿ ನೋಡಿ ನಾಳೆಯ ಮಳೆಯನ್ನಾಗಲಿ ಟೊಮೆಟೊ ದರವನ್ನಾಗಲಿ ಹೇಳಲು ಆಗುವುದಿಲ್ಲ. ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ. ತಿಳಿದಷ್ಟನ್ನು ತಿಳಿದಷ್ಟೇ ಎಂದು ಹೇಳುವ ಶಿಸ್ತೇ ರೈತನಿಗೆ ವಿಜ್ಞಾನ ಕೊಡಬಹುದಾದ ಮೊದಲ ಗೌರವ.

*

ಉಪಯೋಗವೇನು ಎಂದು ಕೇಳುವವರಿಗೆ ಇಷ್ಟು ಹೇಳಬಹುದು. ಸೌರಕಾಂತ ಕೆರಳಿದಾಗ ಉಪಗ್ರಹಗಳು, ವಿಮಾನದ ರೇಡಿಯೊ, ವಿದ್ಯುತ್ ಜಾಲ ತೊಂದರೆಗೆ ಸಿಕ್ಕುತ್ತವೆ. 2024ರ ಮೇ 10ರ ಪ್ರಬಲ ಕಾಂತಬಿರುಗಾಳಿ ಅದನ್ನು ಮತ್ತೆ ನೆನಪಿಸಿತು. ಕೆರಳುವಿಕೆಯ ಬೇರು ಸಣ್ಣ ಕಾಂತಗಳು ಕೂಡುವ, ಕಾದಾಡುವ ಜಾಗಗಳಲ್ಲಿದೆ. ಇಷ್ಟು ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ: ನಮ್ಮನ್ನು ಸಾಕುವವನ ಮುಖವನ್ನು ಸರಿಯಾಗಿ ನೋಡಿ ತಿಳಿಯುವುದು ಕೃತಜ್ಞತೆಯ ಒಂದು ಬಗೆ.

*

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಪ್ರೌಢಶಾಲೆಗಳಲ್ಲಿ ಒಂದೊಂದು ಸಣ್ಣ ದೂರದರ್ಶಕ ಇರಲಿ. ಮಕ್ಕಳು ಅದರಲ್ಲಿ ಕಣ್ಣಿಡುವುದು ಬೇಡ. ಮೇಷ್ಟರ ಕಣ್ಗಾವಲಿನಲ್ಲಿ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ, ಕಲೆ ಕಂಡ ಕಡೆ ಗುರುತು ಹಾಕಿ, ತಾರೀಖು, ಗಂಟೆ ಬರೆಯಲಿ. ಹನ್ನೊಂದು ವರ್ಷ ಬಿಡದೆ ಬರೆದರೆ ಒಂದು ಪೂರ್ತಿ ಸೌರಚಕ್ರ ಆ ಶಾಲೆಯ ಸ್ವಂತ ಗಳಿಕೆಯಾಗುತ್ತದೆ. ಶುರು ಮಾಡಿದ ಮಕ್ಕಳು ಮುಗಿಸುವವರಾಗಿರುವುದಿಲ್ಲ. ಆ ಪುಸ್ತಕದ ದೊಡ್ಡ ಪಾಠ ಅದೇ.

*

ಬೆಳಕು ಕಳೆದ ಕಡೆ ಬೆಳಕು ತುಂಬುವುದು, ಒಡೆದ ಮೇಲೂ ನಡೆಯುವುದು, ತಾನು ಅಳಿದರೂ ಹಾಸು ಹರಿಯದಂತೆ ನೋಡಿಕೊಳ್ಳುವುದು: ಸೂರ್ಯನ ಮೈಮೇಲೆ ಇವೆಲ್ಲ ಸಣ್ಣವುಗಳ ಪಾಲಿನ ಕೆಲಸ. ಇದನ್ನು ಅರಿತವನು ತನ್ನ ಪಾಲಿನ ಸಣ್ಣ ಕೆಲಸವನ್ನು ನಾಳೆಗೆ ಹಾಕಲಾರ.